ಮೂಗು ಮುರಿದ ಸಿಂಹದ ಕೆಳಗೆ

ಬಸ್ಸು ಕೋಟೆಯ ದೊಡ್ಡ ಬಾಗಿಲಿನ ಮುಂದೆ ನಿಂತಾಗ ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆಯೇನಲ್ಲ. ತೆರೆದರೂ ಅಷ್ಟೇ, ಮುಚ್ಚಿದರೂ ಅಷ್ಟೇ ಎಂದು ಅವಳೇ ಹೇಳುವುದಿತ್ತು. ಬೆಳಕು ಯಾವ ಕಡೆ, ನೆರಳು ಯಾವ ಕಡೆ ಎನ್ನುವುದಷ್ಟೇ ಈಗ ಅವಳಿಗೆ ತಿಳಿಯುತ್ತಿತ್ತು. ಬರುವ ಚಳಿಗಾಲದ ಹೊತ್ತಿಗೆ ಅದೂ ಇರುವುದಿಲ್ಲವೆಂದು ಹೇಳಿ ಕಣ್ಣಿನ ಡಾಕ್ಟರು ಕೈ ತೊಳೆದುಕೊಂಡಿದ್ದರು.

"ಬಂತೇನೇ?"

"ಬಂತು ಅತ್ತೆ. ನಿಧಾನಕ್ಕೆ ಇಳೀರಿ. ಮೆಟ್ಟಿಲು ಎತ್ತರ ಇದೆ."

"ಸಮುದ್ರ ಸಮುದ್ರ ಅಂತ ಹೇಳ್ತಿದ್ದ ನನ್ನ ಮಗ. ನನಗೆ ಬರೀ ಡೀಸೆಲ್ ವಾಸನೆ ಬರ್ತಿದೆಯಲ್ಲ."

"ನಡುವೆ ಗೋಡೆ ಇದೆ ಅತ್ತೆ. ಸಮುದ್ರ ಆಚೆಗೆ."

ಇಳಿದವರೆಲ್ಲ ತಲೆಯೆತ್ತಿ ಗೋಡೆಯನ್ನು ನೋಡುತ್ತ ನಿಂತರು. ನೋಡುವಂಥದ್ದೇ. ಆನೆಯ ಮೈಬಣ್ಣದ ಕಲ್ಲು, ಒಂದರ ಮೇಲೊಂದು ಏರಿ ಮೋಡದವರೆಗೂ ಹೋದಂತಿತ್ತು. ಅಂದು ಮೋಡವೂ ಕೆಳಗೇ ಇಳಿದಿತ್ತು. ಹಳದಿ ಕೊಡೆ ಹಿಡಿದ ಗೈಡು ಎಲ್ಲರನ್ನೂ ಒಟ್ಟುಗೂಡಿಸಿ, ಈ ಗೋಡೆಯೊಳಗೆ ಎಷ್ಟು ರಾಜರು ಹುಟ್ಟಿದರು, ಎಷ್ಟು ಮಂದಿ ಸತ್ತರು ಎಂದು ಬಾಯಿಪಾಠ ಒಪ್ಪಿಸತೊಡಗಿದ.

"ಎಲ್ಲಾರೂ ನನ್ನ ಕೊಡೆ ಹಿಂದೇನೇ ಬರಬೇಕು. ಸಂಜೆ ದೀಪ ಹಚ್ಚೋ ಹೊತ್ತಿಗೆ ಬಸ್ಸು ಹೊರಡತ್ತೆ. ತಪ್ಪಿಸಿಕೊಂಡೋರು ಇಲ್ಲೇ ಯಾವುದಾದರೂ ರಾಜನ ಗೋರಿ ಪಕ್ಕ ಮಲಗಬೇಕಾಗತ್ತೆ, ನೋಡಿ!"

ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ಆಮೇಲೆ ಸೊಸೆಯ ಮೊಣಕೈ ಹಿಡಿದು, "ನಾವು ಇವನ ಕೊಡೆ ಹಿಂದೆ ಹೋಗೋದು ಬೇಡ. ಸಿಂಹ ಎಲ್ಲಿದೆ ಅಂತ ಕೇಳು," ಎಂದಳು.

ಉಳಿದವರು ನೋಡಲು ಬಂದವರು. ಅತ್ತೆ ಮುಟ್ಟಲು ಬಂದವಳು.

ಅವಳ ಮಗ, ಅಂದರೆ ಇವಳ ಗಂಡ, ಈ ಗೋಡೆಯ ಮೇಲೆ ಗಾರೆ ಕೆಲಸ ಮಾಡುತ್ತಿದ್ದವನು. ಹೊಸ ಗೋಡೆ ಕಟ್ಟುವ ಗಾರೆಯವನಲ್ಲ, ಹಳೆಯ ಗೋಡೆಯ ಕಲ್ಲುಸಂದಿಗಳನ್ನು ತುಂಬುವವನು. ಕಡಲಗಾಳಿಯ ಉಪ್ಪು ಸಂದಿಯ ಸುಣ್ಣವನ್ನು ಸದ್ದಿಲ್ಲದೆ ತಿನ್ನುತ್ತದೆ. ತಿಂದುಹೋದದ್ದನ್ನು ತುಂಬದೆ ಬಿಟ್ಟರೆ ಕಲ್ಲು ಸಡಿಲವಾಗಿ ಗೋಡೆಯೇ ಕುಳಿತುಕೊಳ್ಳುತ್ತದೆ. ಮಳೆ ನಿಂತ ಮೇಲೆ ಹೊರಟರೆ ಮತ್ತೆ ಮಳೆ ಹಿಡಿಯುವ ಹೊತ್ತಿಗೆ ಅವನು ಮನೆಗೆ ಬರುತ್ತಿದ್ದ. ಬಂದವನು ಕಾಲು ಚಾಚಿ ಕೂತು ಗೋಡೆಯ ಕತೆ ಹೇಳುತ್ತಿದ್ದ. ದಿನದ ಕೊನೆಯ ಸಂದಿ ತುಂಬಿ ಮುಗಿಸಿದ ಮೇಲೆ ಪ್ರತಿಯೊಬ್ಬನೂ ಹಸಿ ಗಾರೆಯ ಮೇಲೆ ತನ್ನ ಹೆಬ್ಬೆರಳು ಒತ್ತಿ ಬರಬೇಕಂತೆ. ಬೆಳಗ್ಗೆ ಮೇಸ್ತ್ರಿ ಬಂದು ಆ ಗುಳಿ ನೋಡುತ್ತಾನೆ. ಯಾರ ಕೆಲಸ ಎಲ್ಲಿಗೆ ನಿಂತಿತ್ತು, ಗಾರೆ ಸರಿಯಾಗಿ ಬಿಗಿದಿದೆಯೋ ಇಲ್ಲವೋ, ಎರಡೂ ಅದರಿಂದಲೇ ಗೊತ್ತಾಗುತ್ತದೆ. "ನನ್ನದೆಲ್ಲಾ ಮೂಗು ಮುರಿದ ಸಿಂಹದ ಕೆಳಗೆ," ಎನ್ನುತ್ತಿದ್ದ. "ಸಿಂಹದ ಗಲ್ಲದ ಕೆಳಗೆ ನೋಡಿದ್ರೆ ನಾನೇ ನಾನು."

"ಇಲ್ಲಿ ನನ್ನ ಅಡುಗೆಗೆ ಮೂಗು ಮುರೀತಿದ್ದೋರು ನೀವೊಬ್ಬರೇ ಅಂದುಕೊಂಡಿದ್ದೆ. ಅಲ್ಲೂ ಒಬ್ಬ ಜೊತೆಗಾರ ಸಿಕ್ಕಿದಾನಲ್ಲ," ಎಂದು ಇವಳು ಕಾಲೆಳೆಯುತ್ತಿದ್ದಳು.

ಆ ಸಿಂಹದ ಕೆಳಗೇ ಒಂದು ಸಂಜೆ ಅವನು ಕಟ್ಟಿಕೊಂಡಿದ್ದ ಹಗ್ಗ ಹರಿಯಿತು. ದೋಣಿಯವರು ಹುಡುಕಿದರು, ಬಲೆ ಬೀಸಿದರು, ಏನೂ ಸಿಗಲಿಲ್ಲ. ಮನೆಗೆ ಬಂದದ್ದು ಒಂದು ಗಂಟು. ಅದರಲ್ಲಿ ಗಾರೆ ಮೆತ್ತುವ ಅವನ ಕರಣೆ, ಎರಡು ಅಂಗಿ.

ಅತ್ತೆ ಅಳಲಿಲ್ಲ. ಗಂಟನ್ನು ಬಿಚ್ಚಿಸಿ, ಮುಟ್ಟಿ ನೋಡಿ, "ಇದು ಬಟ್ಟೆ. ನನ್ನ ಮಗ ಎಲ್ಲಿ?" ಎಂದು ಕೇಳಿದಳು. ಅಂದಿನಿಂದ ಬೀದಿಬಾಗಿಲಿಗೆ ಚಿಲಕ ಹಾಕಲು ಬಿಡಲಿಲ್ಲ. "ಬಂದವನು ತನ್ನ ಮನೆ ಬಾಗಿಲನ್ನ ತಟ್ಟಿಕೊಂಡು ನಿಲ್ಲಬೇಕಾ?" ಎನ್ನುವಳು. ವರ್ಷಗಳು ಕಳೆದವು. ಬೀದಿನಾಯಿ ಒಳಗೆ ಬಂದು ಮರಿ ಹಾಕಿ ಹೋಯಿತು. ಒಮ್ಮೆ ಯಾರೋ ನುಗ್ಗಿ ಇಸ್ತ್ರಿಪೆಟ್ಟಿಗೆ ಹೊತ್ತುಕೊಂಡು ಹೋದರು. ಆದರೂ ಚಿಲಕ ಬೀಳಲಿಲ್ಲ. ಸೊಸೆ ಅಂಗಿಗುಂಡಿಗಳ ತಗಡಿನ ಡಬ್ಬಿಯನ್ನು ಬಾಗಿಲಿಗೆ ಒರಗಿಸಿಟ್ಟು ಮಲಗುತ್ತಿದ್ದಳು. ಬಾಗಿಲು ಸರಿದರೆ ಡಬ್ಬಿ ಉರುಳಿ ಸದ್ದಾಗಲಿ ಎಂದು. ಗಾಳಿಗೆ ಉರುಳಿದ ದಿನ ಇಬ್ಬರೂ ಎದ್ದು ಕೂರುತ್ತಿದ್ದರು. ಸೊಸೆ ಹೆದರಿ, ಅತ್ತೆ ಬೇರೆ ಕಾರಣಕ್ಕೆ.

ಅವರ ಮನೆಯಲ್ಲಿ ಗುಂಡಿಗಳಿಗೆ ಬರವಿರಲಿಲ್ಲ. ಸೊಸೆ ದರ್ಜಿಯ ಅಂಗಡಿಯಿಂದ ಅಂಗಿಗಳನ್ನು ತಂದು ಕಾಜಾ ಹಾಕಿ, ಗುಂಡಿ ಹೊಲಿದು ಕೊಡುತ್ತಿದ್ದಳು. ಗುಂಡಿಗಳನ್ನು ಆರಿಸಿ ಬೇರೆ ಮಾಡುವುದು ಅತ್ತೆಯ ಕೆಲಸ. ಕಣ್ಣು ಹೋದರೂ ಆ ಕೆಲಸ ನಿಲ್ಲಲಿಲ್ಲ. ಎರಡು ತೂತಿನದು, ನಾಲ್ಕು ತೂತಿನದು, ಚಿಪ್ಪಿನದು, ಪ್ಲಾಸ್ಟಿಕ್ಕಿನದು, ಎಲ್ಲವೂ ಅವಳ ಬೆರಳ ತುದಿಗೆ ಹೆಸರು ಹೇಳಿಕೊಳ್ಳುತ್ತಿದ್ದವು. ಅಂಚು ಸೀಳಿದ ಒಂದು ಗುಂಡಿ ಸೇರಿಕೊಂಡಿದ್ದರೂ, "ಇದು ಯಾರಿಗೋ ಮೋಸ ಮಾಡೋಕೆ ಬಂದಿದೆ," ಎಂದು ಎತ್ತಿ ಎಸೆಯುತ್ತಿದ್ದಳು.

ಡಾಕ್ಟರು ಕೈ ತೊಳೆದುಕೊಂಡ ದಿನ ಮನೆಗೆ ಬರುವ ದಾರಿಯಲ್ಲಿ ಅತ್ತೆ ಬಾಯಿಬಿಟ್ಟಳು. "ಅವನ ಹೆಬ್ಬೆರಳು ಅಲ್ಲಿದೆ ಅಂತಿದ್ದನಲ್ಲ. ಒಂದ್ಸಲ ನನ್ನ ಬೆರಳನ್ನ ಅದರಲ್ಲಿ ಇಡಬೇಕು. ಮೈಯಂತೂ ಸಿಗಲಿಲ್ಲ. ಇಷ್ಟಾದರೂ ಕೈಗೆ ಸಿಕ್ಕರೆ, ಅವನು ಎಲ್ಲಿ ನಿಂತುಹೋದ ಅಂತ ನನಗೆ ಗೊತ್ತಾಗತ್ತೆ. ಆಮೇಲೆ ಚಿಲಕದ ವಿಷಯದಲ್ಲಿ ನೀನು ಹೇಳಿದ ಹಾಗೆ ಕೇಳ್ತೀನಿ."

ಮಗನ ಹೆಬ್ಬೆರಳು ಬೇರೆಯವರದರಂತೆ ಇರಲಿಲ್ಲ. ಅಂಬೆಗಾಲಿಡುವಾಗ ರುಬ್ಬುವ ಕಲ್ಲಿನ ಅಡಿಗೆ ಸಿಕ್ಕಿ ನಡುವೆ ಸೀಳಿ, ಮಾಯುವಾಗ ಎರಡು ಬೇಳೆಯಾದ ಕಾಳಿನಂತೆ ಕೂಡಿಕೊಂಡಿತ್ತು. ಒತ್ತಿದರೆ ಗುಳಿಯ ನಡುವೆ ಒಂದು ಏಣು ಏಳುತ್ತಿತ್ತು. ಹಿಟ್ಟಿನ ಮೇಲೆ, ಬೆಣ್ಣೆಯ ಮೇಲೆ ಆ ಗುರುತು ಕಂಡರೆ ಕಳ್ಳ ಯಾರೆಂದು ಮನೆಯವರಿಗೆಲ್ಲ ಗೊತ್ತಾಗುತ್ತಿತ್ತು.

ಊರೊಳಗೆ ಬೀದಿಗಳು ಕಿರಿದಾಗಿದ್ದವು. ಕಲ್ಲುಹಾಸು ತೇವದಿಂದ ಜಾರುತ್ತಿತ್ತು. ಎರಡೂ ಬದಿಯ ಮನೆಗಳು ಮೇಲ್ಮೇಲಕ್ಕೆ ಬಾಗಿ ಆಕಾಶವನ್ನು ಒಂದು ಲಾಡಿಯಷ್ಟು ಉಳಿಸಿದ್ದವು. ಕಿಟಕಿಗಳಲ್ಲಿ ಬಟ್ಟೆ ಒಣಗುತ್ತಿರಲಿಲ್ಲ, ಒಣಗಲು ಕಾಯುತ್ತಿತ್ತು. ಕೆಳಗಿನ ಕೋಣೆಗಳೆಲ್ಲ ಅಂಗಡಿಗಳಾಗಿದ್ದವು. ಸೊಸೆ ಒಂದೊಂದರ ಮುಂದೆಯೂ ನಿಂತು ಮೂಗು ಮುರಿದ ಸಿಂಹ ಎಲ್ಲಿದೆ ಎಂದು ಕೇಳಿದಳು. ಆಟಿಕೆಯವನು ಬಿಳಿ ಮಣ್ಣಿನ ಸಿಂಹವೊಂದನ್ನು ಮುಂದಿಟ್ಟು, "ಮುರಿದದ್ದು ಯಾಕಮ್ಮ? ಮೂಗು ಸರಿಯಾಗಿರೋದೇ ತಗೊಳ್ಳಿ," ಎಂದ. ಟಿಕೆಟ್ಟಿನ ಗೂಡಿನಲ್ಲಿದ್ದವನು ತಲೆ ಎತ್ತದೆಯೇ, "ಸಿಂಹ ಇಲ್ಲ. ಫಿರಂಗಿ ಇದೆ. ಮೇಲೆ," ಎಂದ.

ಮೇಲೆ ಹೋದರು. ಗೋಡೆಯ ನೆತ್ತಿಯ ಮೇಲೆ ಗಾಡಿ ಹೋಗುವಷ್ಟು ಅಗಲದ ದಾರಿ. ಈಗ ಸಮುದ್ರ ಮುಖಕ್ಕೇ ಬಡಿಯಿತು. ಬೂದಿ ಬಣ್ಣದ ನೀರು, ಬೂದಿ ಬಣ್ಣದ ಆಕಾಶ, ನಡುವಿನ ಗೆರೆ ಎಲ್ಲಿ ಎಂದು ಸೊಸೆಗೂ ಕಾಣಲಿಲ್ಲ. ಇಬ್ಬರೂ ಗೋಡೆಯ ಉದ್ದಕ್ಕೂ ನಡೆದರು. ಸೊಸೆ ಒಳಗೋಡೆಯ ಒಂದೊಂದು ಕಲ್ಲನ್ನೂ ನೋಡಿದಳು. ಫಿರಂಗಿ ಇತ್ತು, ಗಂಟೆ ಇತ್ತು, ಮಳೆನೀರು ಹೋಗಲು ಬುಡದಲ್ಲಿ ಅಲ್ಲಲ್ಲಿ ತೂತುಗಳಿದ್ದವು. ಸಿಂಹ ಮಾತ್ರ ಇರಲಿಲ್ಲ. ಒಂದೆರಡು ತೂತುಗಳನ್ನು ಅತ್ತೆಯ ಕಾಲು ಸಿಕ್ಕಿಕೊಳ್ಳದ ಹಾಗೆ ಅವಳೇ ಕೈಹಿಡಿದು ದಾಟಿಸಿದಳು.

"ಸುಳ್ಳು ಹೇಳಿದ್ನೇನೋ ನನ್ನ ಮಗ," ಎಂದಳು ಅತ್ತೆ, ಬುತ್ತಿ ಬಿಚ್ಚಿ ಕೂತಾಗ. "ಚಿಕ್ಕವನಿದ್ದಾಗ ಹೇಳ್ತಿದ್ದ. ಹಿತ್ತಲಲ್ಲಿ ಹುಲಿ ಬಂದಿದೆ ಅಂತ."

"ಇಷ್ಟು ದೊಡ್ಡವರಾದ ಮೇಲೆ ಸಿಂಹ ಬಂದಿದೆ ಅಂತ ಹೇಳ್ತಾರಾ ಅತ್ತೆ? ತಿನ್ನಿ."

ಅತ್ತೆ ತಿನ್ನಲಿಲ್ಲ. ತುತ್ತನ್ನು ಕೈಯಲ್ಲಿ ಹಿಡಿದು ಅಲೆಯ ಸದ್ದಿನ ಕಡೆ ಮುಖ ಮಾಡಿ ಕೂತಳು. ಮಧ್ಯಾಹ್ನ ಇಳಿಯುತ್ತಿತ್ತು. ಬರಿಗೈಯಲ್ಲಿ ಹಿಂದಿರುಗಿದರೆ ಈ ಮುಖವನ್ನು ಮನೆಯಲ್ಲಿ ದಿನಾ ಹೇಗೆ ನೋಡುವುದು ಎಂದುಕೊಳ್ಳುತ್ತ ಸೊಸೆ ಬುತ್ತಿಯನ್ನು ಮತ್ತೆ ಕಟ್ಟಿದಳು.

ಕೆಳಗಿಳಿದ ಕಡೆ, ಗೋಡೆಗೆ ತಾಗಿದ ಒಂದು ಅಂಗಳದಲ್ಲಿ ಹೆಂಗಸೊಬ್ಬಳು ಸುಣ್ಣ ಜರಡಿ ಹಿಡಿಯುತ್ತಿದ್ದಳು. ತಲೆಗೆ ಬಟ್ಟೆ ಸುತ್ತಿ, ಹುಬ್ಬಿನವರೆಗೂ ಬೆಳ್ಳಗಾಗಿದ್ದಳು. ಸುತ್ತ ಸುಣ್ಣ ನೆನೆಸಿದ ತೊಟ್ಟಿಗಳು. ಆ ವಾಸನೆ ಮೂಗಿಗೆ ಬಿದ್ದದ್ದೇ ಅತ್ತೆ ನಿಂತುಬಿಟ್ಟಳು.

"ಅವನ ಅಂಗಿ ವಾಸನೆ," ಎಂದಳು.

ಸೊಸೆ ಓಡಿಹೋಗಿ ಸಿಂಹದ ವಿಷಯ ಕೇಳಿದಳು. ಸುಣ್ಣದವಳು ಜರಡಿ ನಿಲ್ಲಿಸಿದಳು.

"ಮೇಲೆಲ್ಲಾ ಹುಡುಕಿದ್ರಾ? ಅಯ್ಯೋ, ಒಳಗಡೆಯಿಂದ ಎಲ್ಲಿ ಕಾಣತ್ತಮ್ಮ! ನೀರು ಹೋಗೋ ತೂತು ನೋಡಿದ್ರಲ್ಲ, ಸಿಂಹ ಅದರ ಆಚೆ ಬಾಯಿ. ಮಳೆನೀರು ಉಗುಳೋ ಸಿಂಹ. ಸಮುದ್ರದ ಕಡೆ ಮುಖ."

"ಗೋಡೆ ಮೇಲೆ ಕೆಲಸ ಅಂತಿದ್ರು..."

"ಗೋಡೆ ಮೇಲೇನೇ. ಹೊರಗಡೆ ಮೈ ಮೇಲೆ, ಹಗ್ಗದಲ್ಲಿ. ದೂರದಿಂದ ಬಂದೋರನ್ನ ಒಳಗಡೆ ನೆರಳಲ್ಲಿ ಯಾರು ಕೂರಿಸ್ತಾರೆ?"

ಗಂಡ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವನು ಈ ಊರನ್ನು ಕಂಡದ್ದೇ ಹೊರಗಿನಿಂದ, ಬೆನ್ನಿಗೆ ಸಮುದ್ರ ಕಟ್ಟಿಕೊಂಡು. ಕೇಳಿಸಿಕೊಂಡ ಇವರು ಮನೆಯ ಗೋಡೆಗಳ ನಡುವೆ ಕೂತು ಕೇಳಿದ್ದರು, ಹಾಗಾಗಿ ಹಗ್ಗ, ದೋಣಿ ಎಲ್ಲ ಕೇಳಿದ ಮೇಲೂ ಸಿಂಹವನ್ನು ಒಳಗೇ ಕೂರಿಸಿಬಿಟ್ಟಿದ್ದರು.

"ಯಾರು ನಿಮ್ಮೋರು?" ಎಂದಳು ಸುಣ್ಣದವಳು. ಸೊಸೆ ಹೇಳಿದಳು. ಸುಣ್ಣದವಳು ಕೈ ಒರೆಸಿಕೊಂಡಳು. "ಹಗ್ಗ ಹರಿದೋನು," ಎಂದಳು ಮೆಲ್ಲಗೆ. ಆಮೇಲೆ, "ಬನ್ನಿ. ನೀರು ಇಳಿದಿದೆ. ಏರೋದರೊಳಗೆ ಹೋಗಿ ಬರೋಣ," ಎಂದು ಮುಂದೆ ನಡೆದಳು.

ಬಗ್ಗಿ ಹೊರಗೆ ಹೋಗುವಂಥ ಸಣ್ಣ ಬಾಗಿಲೊಂದು ಗೋಡೆಯ ಬುಡದಲ್ಲಿತ್ತು. ಆಚೆ ಪಾಚಿ ಹಿಡಿದ ಬಂಡೆಗಳು. ಸೊಸೆ ಒಂದು ಕಡೆ, ಸುಣ್ಣದವಳು ಒಂದು ಕಡೆ, ನಡುವೆ ಅತ್ತೆಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ನಡೆಸಿದರು. "ಮದುವೆಯಲ್ಲೂ ನನ್ನನ್ನ ಹೀಗೆ ಕರ್ಕೊಂಡು ಹೋಗಿರಲಿಲ್ಲ," ಎಂದಳು ಅತ್ತೆ. ಉಸಿರು ಏರುತ್ತಿತ್ತು, ಆದರೂ ಮುಖ ಬೆಳಗಿನಿಂದ ಇಲ್ಲದಷ್ಟು ತಿಳಿಯಾಗಿತ್ತು.

ಸಿಂಹ ಇತ್ತು, ತಲೆಯ ಮೇಲೆ, ಎತ್ತರದಲ್ಲಿ. ಗೋಡೆಯಿಂದ ಕತ್ತು ಚಾಚಿ ಬಾಯಿ ತೆರೆದುಕೊಂಡಿತ್ತು. ಮೂಗಿದ್ದ ಕಡೆ ಒಂದು ಚಪ್ಪಟೆ ಗಾಯ.

ಸೊಸೆ ಅದರ ಗಲ್ಲದ ಕೆಳಗೆ ನೋಡಿದಳು. ಬಂಡೆಯ ಮಟ್ಟದವರೆಗೂ ಕಲ್ಲಿನ ಸಂದಿಗಳೆಲ್ಲ ಬೆಳ್ಳಗೆ, ಹೊಸದಾಗಿ, ಹೊಸ ಅಂಗಿಯ ಹೊಲಿಗೆಯಂತೆ ಇದ್ದವು. ಸುಣ್ಣದವಳ ಕಡೆ ತಿರುಗಿದಳು. ಸುಣ್ಣದವಳು ಬಾಯಿ ತೆರೆಯುವಷ್ಟರಲ್ಲಿ ಸೊಸೆ ತುಟಿಯ ಮೇಲೆ ಬೆರಳಿಟ್ಟುಕೊಂಡು, ಕಣ್ಣಿನಲ್ಲೇ ಅತ್ತೆಯನ್ನು ತೋರಿಸಿದಳು. ಸುಣ್ಣದವಳಿಗೆ ಅರ್ಥವಾಯಿತು. ಅವಳು ಬರಿ ಕೈಯನ್ನು ಗಾಳಿಯಲ್ಲಿ ಕೆರೆದಂತೆ ಆಡಿಸಿದಳು. ಕೆದಕಿ ತೆಗೆದಿದ್ದಾರೆ. ಆಮೇಲೆ ಹೆಬ್ಬೆರಳನ್ನು ಗಾಳಿಗೆ ಒತ್ತಿ ತೋರಿಸಿದಳು. ಬೇರೆಯವರು ತುಂಬಿದ್ದಾರೆ.

ಅವನೇ ಎಷ್ಟು ಸಲ ಹೇಳಿರಲಿಲ್ಲ! "ಹಳೇದನ್ನ ಪೂರಾ ಕೆದಕಿ ತೆಗೀಬೇಕು ಕಣೇ. ಇಲ್ಲಾಂದ್ರೆ ಹೊಸದು ಹಿಡಿಯೋದೇ ಇಲ್ಲ. ಕೆಲಸ ಅರ್ಧ ಕೆದಕೋದೇ." ಆಗ ಇವಳು ಕಾಜಾ ಹಾಕುತ್ತ ಹೂಂ ಎಂದಿದ್ದಳು. ಯಾರದೋ ಹೆಬ್ಬೆರಳನ್ನು ಅವನು ಕೆದಕಿ ತೆಗೆದಿದ್ದ. ಅವನದನ್ನು ಇನ್ನೊಬ್ಬ. ಬರುವ ಮೊದಲು ಇದು ತನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅವನು ಸತ್ತ ಮೇಲೆ ಗೋಡೆಯೂ ಕೆಲಸ ನಿಲ್ಲಿಸಿ ಕೂತಿರುತ್ತದೆ ಎಂದು ಅವಳೂ ಎಲ್ಲೋ ಒಳಗೆ ನಂಬಿದ್ದಳು.

"ಸಿಕ್ತಾ?" ಎಂದಳು ಅತ್ತೆ.

ಸಿಂಹದ ಗಲ್ಲದ ನೇರ ಕೆಳಗೆ, ನಿಂತವರ ಎದೆಯ ಎತ್ತರದಲ್ಲಿ, ಒಂದು ಗುಳಿ ಇತ್ತು. ಹೆಬ್ಬೆರಳಿನದು. ದುಂಡಗೆ, ಆಳವಾಗಿ, ನುಣ್ಣಗೆ. ನಡುವೆ ಏಣಿಲ್ಲ.

"ಸಿಕ್ತು ಅತ್ತೆ," ಎಂದಳು ಸೊಸೆ. ತನ್ನ ದನಿ ತನಗೇ ಬೇರೆಯವರದರಂತೆ ಕೇಳಿಸಿತು. ಅತ್ತೆಯ ಕೈ ಹಿಡಿದು ಎತ್ತಿ, ಹೆಬ್ಬೆರಳನ್ನು ಆ ಗುಳಿಯಲ್ಲಿಟ್ಟಳು.

ಇಟ್ಟ ಮೇಲೆ ಅವಳಿಗೆ ಗುಂಡಿಗಳ ಡಬ್ಬಿ ನೆನಪಾಯಿತು. ಅಂಚು ಸೀಳಿದ ಗುಂಡಿಯನ್ನು ನೂರರಲ್ಲಿ ಹುಡುಕಿ ಎಸೆಯುವ ಬೆರಳು ಅದು. ಹಿಡಿದ ಕೈಯನ್ನು ಹಿಂದಕ್ಕೆಳೆಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಅತ್ತೆ ಅಲುಗಾಡಲಿಲ್ಲ. ಹೆಬ್ಬೆರಳು ಗುಳಿಯೊಳಗೆ ಒಮ್ಮೆ ಸುತ್ತು ಹಾಕಿತು. ಅಂಚಿನಿಂದ ನಡುವಿಗೆ ಬಂತು, ನಿಂತಿತು. ಮತ್ತೆ ಅಂಚಿಗೆ ಹೋಗಿ ಮತ್ತೆ ನಡುವಿಗೆ ಬಂದು ಅಲ್ಲೇ ಏನನ್ನೋ ಹುಡುಕಿತು. ಅಲೆಯೊಂದು ಬಂಡೆಯ ಬುಡಕ್ಕೆ ಬಡಿದು ಹಿಂದೆ ಸರಿಯಿತು. ಸುಣ್ಣದವಳು ಮುಖ ಆಚೆ ತಿರುಗಿಸಿ ನಿಂತಿದ್ದಳು.

"ಹೂಂ," ಎಂದಳು ಅತ್ತೆ ಕೊನೆಗೆ. "ಇವನೇ."

ಅತ್ತೆ ಗೋಡೆಗೆ ಇನ್ನಷ್ಟು ಹತ್ತಿರ ಸರಿದು, ಆ ಗುಳಿಯಲ್ಲಿ ಸೇರಿಕೊಂಡಿದ್ದ ಮರಳನ್ನು ಉಗುರಿನಿಂದ ಬಿಡಿಸಿದಳು. ಮಕ್ಕಳ ಬೆರಳಿಗೆ ಪೆಟ್ಟಾದಾಗ ಊದುವ ಹಾಗೆ ತುಟಿ ಹತ್ತಿರ ಒಯ್ದು ಊದಿದಳು. ಒಮ್ಮೆ ಅಲ್ಲ, ಬಹಳ ಹೊತ್ತು.

"ನೀರು ಬಂತಮ್ಮ," ಎಂದಳು ಸುಣ್ಣದವಳು. ಪಾದಗಳು ಆಗಲೇ ತೋಯ್ದಿದ್ದವು.

ಹಿಂದಿರುಗಿ ಸಣ್ಣ ಬಾಗಿಲು ದಾಟಿದ ಮೇಲೆ ಅತ್ತೆ ಸುಣ್ಣದವಳ ಕೈಯನ್ನು ಹುಡುಕಿ ಹಿಡಿದುಕೊಂಡು, ಅವಳ ಒರಟು ಅಂಗೈಯನ್ನು ಬೆರಳುಗಳಿಂದ ಸವರಿದಳು. "ಸುಣ್ಣ ತಿಂದಿದೆ ನಿನ್ನ ಕೈಯನ್ನ. ಎಣ್ಣೆ ಹಚ್ಚಿಕೊಳ್ಳೇ ತಾಯಿ," ಎಂದಳು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಸುಣ್ಣದವಳು ಅದನ್ನು ಕೇಳಿ ತಲೆಗೆ ಸುತ್ತಿದ್ದ ಬಟ್ಟೆಯ ತುದಿಯಿಂದ ಕಣ್ಣು ಒರೆಸಿಕೊಂಡಳು. ಹುಬ್ಬಿನ ಸುಣ್ಣ ಕೆನ್ನೆಗೆ ಇಳಿಯಿತು.

ಬಸ್ಸಿನಲ್ಲಿ ಎಲ್ಲರೂ ದಣಿದಿದ್ದರು. ಮಣ್ಣಿನ ಸಿಂಹಗಳು ಕಾಗದ ಸುತ್ತಿಕೊಂಡು ತೊಡೆಗಳ ಮೇಲೆ ಕೂತಿದ್ದವು. ಗೈಡು ತಲೆ ಎಣಿಸುತ್ತ ಬಂದು, "ಏನಜ್ಜಿ, ನನ್ನ ಕೊಡೆ ಬಿಟ್ಟು ಎಲ್ಲಿ ಹೋಗಿದ್ರಿ? ಎಲ್ಲಾ ನೋಡಿದ್ರಾ?" ಎಂದ.

"ನೋಡಿದೆನಪ್ಪ," ಎಂದಳು ಅತ್ತೆ.

ಗೋಡೆ ಹಿಂದೆ ಸರಿಯಿತು. ಹೊರಗೆ ಬೆಳಕು ಕರಗುತ್ತಿತ್ತು. ಸೊಸೆ ತನ್ನ ಶಾಲಿನಿಂದ ಅತ್ತೆಯ ಒದ್ದೆ ಪಾದಗಳನ್ನು ಸುತ್ತಿದಳು. ಒಂದು ಸುಳ್ಳಿಗೆ ಇಷ್ಟು ನೆಮ್ಮದಿ ಸಿಕ್ಕಿದ್ದರೆ ಆ ಪಾಪ ತನಗಿರಲಿ ಎಂದುಕೊಂಡಳು. ಊರ ಹೊರಗಿನ ತಿರುವು ದಾಟಿದ ಮೇಲೆ ಅತ್ತೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಮಾತಾಡಿದಳು.

"ಯಾರ ಮಗನೋ, ಪಾಪ. ಒಳ್ಳೇ ಕೈ. ಗಟ್ಟಿಯಾಗಿ ಒತ್ತಿದಾನೆ."

ಸೊಸೆಯ ಕೈ ಶಾಲಿನ ಮೇಲೆ ಹಾಗೇ ನಿಂತಿತು.

"ಅವನಿಗೂ ಮನೇಲಿ ಯಾರೋ ಕಾಯ್ತಿರ್ತಾರೆ," ಎಂದಳು ಅತ್ತೆ. "ಹಗ್ಗ ಗಟ್ಟಿಯಾಗಿರಲಿ ಅಂತ ಊದಿ ಬಂದೆ."

"ಅತ್ತೆ..." ಎಂದಳು ಸೊಸೆ.

"ಅಳಬೇಡ. ನೀನು ಹಿಡಿದು ಇಟ್ಟೆಯಲ್ಲ, ಅದರ ನಡುವೆ ಏಣು ಸಿಗಲಿಲ್ಲ. ನನಗೆ ಆಗಲೇ ಗೊತ್ತಾಯ್ತು." ಅತ್ತೆ ಪಾದದ ಮೇಲಿನ ಶಾಲನ್ನು ಸರಿಮಾಡಿಕೊಂಡಳು. "ಅಲ್ಲೂ ಇಲ್ಲ ಅವನು. ಗೋಡೆಯಲ್ಲೂ ಇಲ್ಲ. ಎಲ್ಲಾದರೂ ಇದ್ದಿದ್ದರೆ ಅಲ್ಲಿ ಇರಬೇಕಿತ್ತು. ಆಯ್ತು ಬಿಡು."

ಬಸ್ಸಿನ ಒಳಗೆ ದೀಪ ಹತ್ತಿತು. ಕಿಟಕಿಯ ಗಾಜಿನಲ್ಲಿ ಇಬ್ಬರ ಮುಖವೂ ಕಾಣಿಸಿತು. ಅತ್ತೆಯದು ನೆಟ್ಟಗೆ, ಒಣಗಿದ ಕಣ್ಣುಗಳು ಎಲ್ಲಿಯೂ ನೋಡದೆ.

"ಇವತ್ತಿಂದ ಚಿಲಕ ಹಾಕು," ಎಂದಳು ಅತ್ತೆ.

ಇಷ್ಟು ವರ್ಷ ಸೊಸೆ ಗೊಣಗಿದ್ದು ಇದೊಂದು ಮಾತಿಗಾಗಿಯೇ. ಈಗ ಅದು ಬಂದಾಗ ಅವಳಿಗೇ ಬೇಡವೆನಿಸಿತು. ತಗಡಿನ ಡಬ್ಬಿ ಉರುಳಿದಾಗ ತಾನು ಹೆದರಿಕೆಯಿಂದಷ್ಟೇ ಎದ್ದು ಕೂತದ್ದಲ್ಲ ಎಂದು ಅವಳಿಗೆ ಮೊದಲ ಸಲ ತಿಳಿಯಿತು. ಏನಾದರೂ ಒಂದು ನೆಪ ಬೇಕಿತ್ತು. ಹುಡುಕಿ ಹೇಳಿದಳು:

"ಅದಕ್ಕೆ ತುಕ್ಕು ಹಿಡಿದಿದೆ ಅತ್ತೆ. ಜಗ್ಗಿದರೂ ಬರಲ್ಲ."

"ಎಣ್ಣೆ ಬಿಡು," ಎಂದಳು ಅತ್ತೆ. "ಬರತ್ತೆ."